ಫೋಟೋದ ಹಿಂಬದಿ



ಈ ಉಪನ್ಯಾಸದ ದತ್ತಿಯನ್ನು ಇಟ್ಟಿರುವ ಕುಟುಂಬದವರು ನನಗೆ ಕೊಟ್ಟ ವಿಷಯ, ಅಮೆರಿಕದ ಜನಜೀವನವನ್ನು ಫೋಟೋಗಳು ಹಿಡಿದಿಟ್ಟ ಬಗೆ. ವಿಷಯ ದೂರದ್ದು. ಆದರೆ ಓದುತ್ತ ಹೋದಂತೆ ನನ್ನ ಕಣ್ಣ ಮುಂದೆ ಬಂದದ್ದೆಲ್ಲ ನಮ್ಮ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳೇ. ಹಾಗಾಗಿ ಅಮೆರಿಕಕ್ಕೆ ಹೋಗುವ ಮೊದಲು ಹೊನ್ನಾಳಿಯ ಒಂದು ತಗಡಿನ ಡಬ್ಬಿಯ ಮುಚ್ಚಳ ತೆಗೆಯುತ್ತೇನೆ.

ನನ್ನ ಸೋದರಮಾವ ಹೊನ್ನಾಳಿಯಲ್ಲಿ ಚಿಕ್ಕದೊಂದು ಸ್ಟುಡಿಯೋ ಇಟ್ಟುಕೊಂಡಿದ್ದರು. ಮುಂದುಗಡೆ ಬೆಂಚು, ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. ಒಳಗೆ ತಾವರೆಕೊಳ ಬರೆದ ಪರದೆ. ಅದರ ಹಿಂದೆ ಕೆಂಪು ಬಲ್ಬಿನ ಡಾರ್ಕ್ ರೂಮು. ಮಾವ ತೀರಿಕೊಂಡ ಮೇಲೆ ಅಂಗಡಿ ಖಾಲಿ ಮಾಡಬೇಕಾಯಿತು. ಚೀಲಗಟ್ಟಲೆ ನೆಗೆಟಿವ್ ಇದ್ದವು. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಅದನ್ನು ತೊಳೆದು ಬೆಳ್ಳಿ ತೆಗೆಯುವವರು ತೂಕಕ್ಕೆ ಕೊಳ್ಳುತ್ತಿದ್ದರು. ನಾವು ಕೊಟ್ಟುಬಿಟ್ಟೆವು. ಮನೆಮಂದಿ ಕೂತು ಮಾಡಿದ ತೀರ್ಮಾನ, ಅದರಲ್ಲಿ ನಾನೂ ಇದ್ದೆ. ಸುತ್ತಲಿನ ಹಳ್ಳಿಗಳ ಎಷ್ಟೋ ವರ್ಷಗಳ ಮುಖಗಳು ಒಂದು ಮಧ್ಯಾಹ್ನದಲ್ಲಿ ತಕ್ಕಡಿ ಹತ್ತಿ ಹೋದವು. ಆ ನೋವು ಇಂದಿಗೂ ಆರಿಲ್ಲ.

ಅಟ್ಟದ ಮೇಲಿದ್ದ ಬಿಸ್ಕತ್ತಿನ ಡಬ್ಬಿಯೊಂದು ಉಳಿದುಕೊಂಡಿತು. ಅದರೊಳಗಿನ ಒಂದು ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ‘ಚನ್ನಗಿರಿ ಕಡೆ ಮದುವೆ’ ಎಂದಷ್ಟೇ ಇದೆ. ಮಾವನ ಯಾಶಿಕಾ ಕ್ಯಾಮೆರಾದಲ್ಲಿ ಒಂದು ರೀಲಿಗೆ ಹನ್ನೆರಡು ಫೋಟೋ. ಹನ್ನೊಂದರಲ್ಲಿ ಮದುವೆ ಇದೆ: ಧಾರೆ, ಬೀಗರು, ಬಾಸಿಂಗ ಕಟ್ಟಿದ ಮದುಮಗ. ಕೊನೆಯದೊಂದು ಉಳಿದಿತ್ತೆಂದು ಕಾಣುತ್ತದೆ, ರೀಲು ಮುಗಿಸಲು ಮಾವ ಮನೆಯ ಹಿತ್ತಲಿಗೆ ಹೋಗಿದ್ದಾರೆ. ಅಲ್ಲಿ ಅಡಿಕೆ ಸುಲಿಯುವ ಹೆಂಗಸರು ಕೂತಿದ್ದಾರೆ. ಒಂಬತ್ತು ಜನ. ಒಬ್ಬೊಬ್ಬರ ಮುಂದೆಯೂ ಸುಲಿಯುವ ಕತ್ತಿ, ಪಕ್ಕದಲ್ಲಿ ಬುಟ್ಟಿ, ಮೊಣಕಾಲೆತ್ತರಕ್ಕೆ ಸಿಪ್ಪೆ. ತಲೆಯ ಮೇಲೆ ಹಚ್ಚದ ಪೆಟ್ರೋಮ್ಯಾಕ್ಸ್ ತೂಗುತ್ತಿದೆ, ಅಂದರೆ ಕೆಲಸ ರಾತ್ರಿಗೂ ಇದೆ. ಗೋಣಿಯ ಮೇಲೆ ಒಂದು ಮಗು ಮಲಗಿದೆ. ಎಂಟು ಜನ ಕ್ಯಾಮೆರಾ ನೋಡುತ್ತಿದ್ದಾರೆ. ಒಬ್ಬಾಕೆ ಮಾತ್ರ ಪಕ್ಕದವಳ ಕಡೆ ತಿರುಗಿ ಬಾಯ್ತುಂಬ ನಗುತ್ತಿದ್ದಾಳೆ. ಅವಳ ಬೆರಳುಗಳಿಗೆ ಬಟ್ಟೆ ಸುತ್ತಿದೆ.

ಈ ಫೋಟೋಗಳನ್ನು ನಾನು ಅನೇಕ ಹಿರಿಯರಿಗೆ ತೋರಿಸಿದ್ದೇನೆ. ಮದುಮಗ ಯಾರೆಂದು ಹೇಳಿದವರಿದ್ದಾರೆ. ಈ ಒಂಬತ್ತು ಜನರಲ್ಲಿ ಒಬ್ಬರ ಹೆಸರೂ ಸಿಕ್ಕಿಲ್ಲ.

ಈಗ ಅಮೆರಿಕಕ್ಕೆ ಬರುತ್ತೇನೆ. 1936ರ ಮಾರ್ಚ್. ಆರ್ಥಿಕ ಕುಸಿತದಿಂದ ಅಮೆರಿಕದ ರೈತರು ನೆಲೆ ಕಳೆದುಕೊಂಡು ಹಳೆಯ ಕಾರುಗಳಲ್ಲಿ ಸಂಸಾರ ತುಂಬಿಕೊಂಡು ಕೂಲಿ ಹುಡುಕುತ್ತ ಅಲೆಯುತ್ತಿದ್ದ ಕಾಲ. ಡೊರೊಥಿಯಾ ಲ್ಯಾಂಗ್ ಎಂಬ ಹೆಣ್ಣುಮಗಳು ಸರ್ಕಾರದ ಕೆಲಸಕ್ಕೆ ಫೋಟೋ ತೆಗೆಯುತ್ತ ತಿಂಗಳು ತಿರುಗಿ ಮನೆಗೆ ಹೊರಟಿದ್ದಳು. ಆಕೆಯೂ ಮೊದಲು ಸ್ಟುಡಿಯೋದವಳೇ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಿರಿವಂತರ ಫೋಟೋ ತೆಗೆದು ಬದುಕುತ್ತಿದ್ದವಳು, ಬೀದಿಯಲ್ಲಿ ಅನ್ನಕ್ಕೆ ಸಾಲು ನಿಂತವರನ್ನು ಕಂಡು ಕ್ಯಾಮೆರಾ ಹೊತ್ತು ಹೊರಗೆ ಬಂದಳು. ಚಿಕ್ಕಂದಿನ ಪೋಲಿಯೋದಿಂದ ಒಂದು ಕಾಲು ಕುಂಟು. ಅಂದು ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ ಬಟಾಣಿ ಕೀಳುವವರ ಬಿಡಾರದ ಬೋರ್ಡು ನೋಡಿ ಮುಂದೆ ಹೋದಳು. ಇಪ್ಪತ್ತು ಮೈಲಿ ಹೋದ ಮೇಲೆ ಮನಸ್ಸು ತಡೆಯದೆ ಗಾಡಿ ತಿರುಗಿಸಿ ಹಿಂದಕ್ಕೆ ಬಂದಳು. ಹರುಕು ಡೇರೆಯಲ್ಲಿ ಒಬ್ಬ ತಾಯಿ ಮಕ್ಕಳೊಂದಿಗೆ ಕೂತಿದ್ದಳು. ಹೆಗಲ ಮೇಲೆ ಎರಡು ಮಕ್ಕಳು ಮುಖ ಮುಚ್ಚಿಕೊಂಡಿವೆ, ಮಡಿಲಲ್ಲಿ ಕೂಸು, ತಾಯಿಯ ಕೈ ಗಲ್ಲದ ಹತ್ತಿರ, ನೋಟ ಎಲ್ಲೋ. ‘ವಲಸೆ ತಾಯಿ’ ಎಂದು ಜಗತ್ತೇ ಬಲ್ಲ ಚಿತ್ರ ಅದು. ಪತ್ರಿಕೆಯಲ್ಲಿ ಸುದ್ದಿ ಬಂದ ಕೂಡಲೇ ಸರ್ಕಾರ ಆ ಬಿಡಾರಕ್ಕೆ 20,000 ಪೌಂಡ್ ಆಹಾರ ಕಳಿಸಿತು. ಅಷ್ಟರಲ್ಲಿ ಆ ತಾಯಿಯ ಸಂಸಾರ ಬೇರೆ ಕಡೆಗೆ ಹೊರಟುಹೋಗಿತ್ತು.

ಲ್ಯಾಂಗ್ ಆಕೆಯ ವಯಸ್ಸು ಬರೆದುಕೊಂಡಳು, 32. ಹೆಸರು ಕೇಳಲಿಲ್ಲ. ಕೇಳಲಿಲ್ಲವೆಂದು ಮುಂದೆ ತಾನೇ ಬರೆದಳು. ಆ ಮುಖ ಅಂಚೆಚೀಟಿಗೂ ಶಾಲೆಯ ಪುಸ್ತಕಕ್ಕೂ ಹೋಯಿತು. ಹೆಸರು ಜಗತ್ತಿಗೆ ಗೊತ್ತಾಗಲು 42 ವರ್ಷ ಬೇಕಾಯಿತು. 1978ರಲ್ಲಿ ಮೊಡೆಸ್ಟೊ ಊರಿನ ಪತ್ರಿಕೆಯ ವರದಿಗಾರರೊಬ್ಬರು ಆಕೆಯನ್ನು ಪತ್ತೆಹಚ್ಚಿದರು. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಅಲ್ಲಿನ ಮೂಲನಿವಾಸಿಗಳಾದ ಚೆರೋಕಿ ಕುಲದ ಹೆಣ್ಣುಮಗಳು. ತನ್ನ ಮುಖ ಇಷ್ಟು ಮೆರೆದರೂ ತನಗೆ ಒಂದು ಕಾಸೂ ಬರಲಿಲ್ಲ ಎಂದು ಆಕೆ ನೊಂದುಕೊಂಡಿದ್ದಳು. ಫೋಟೋದ ಜೊತೆ ಬರೆದಿದ್ದ ವಿವರದಲ್ಲಿ ತಪ್ಪುಗಳಿವೆ, ಕಾರಿನ ಟೈರು ಮಾರಿಕೊಂಡವರು ನಾವಲ್ಲ ಎಂದು ಮನೆಯವರು ಹೇಳಿದರು. ಇಡೀ ಪ್ರಸಂಗದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಕರುಣೆ ಇತ್ತು, ಕಲೆ ಇತ್ತು. ಹೆಸರು ಕೇಳುವ ಅರ್ಧ ನಿಮಿಷ ಮಾತ್ರ ಇರಲಿಲ್ಲ.

ಆದರೂ ಆ ಚಿತ್ರ ಉಳಿಯಿತಲ್ಲ, ಅದನ್ನು ತೆಗೆದ ಊರು, ತಿಂಗಳು, ಬೆಳೆ, ಕೂಲಿಯ ಸಂಗತಿ ಉಳಿಯಿತಲ್ಲ. ಮುಂದೊಂದು ದಿನ ಹೆಸರು ಬಂದು ಸೇರಲು ಆ ಫೋಟೋಕ್ಕೆ ಒಂದು ಜಾಗ ಇತ್ತು. ಅದರ ಹಿಂದೆ ಇದ್ದವನು ರಾಯ್ ಸ್ಟ್ರೈಕರ್. ಆತ ಕ್ಯಾಮೆರಾ ಹಿಡಿದವನಲ್ಲ, ಅರ್ಥಶಾಸ್ತ್ರದ ಮೇಷ್ಟ್ರು. 1935ರಲ್ಲಿ ರೈತರ ಪುನರ್ವಸತಿಗೆಂದು ತೆರೆದ ಸರ್ಕಾರಿ ಇಲಾಖೆಯಲ್ಲಿ ಫೋಟೋ ವಿಭಾಗದ ಹೊಣೆ ಅವನಿಗೆ ಬಂತು. ವಾಕರ್ ಇವಾನ್ಸ್, ರಸೆಲ್ ಲೀ, ಆರ್ಥರ್ ರಾತ್‌ಸ್ಟೈನ್, ಮರಿಯನ್ ಪೋಸ್ಟ್ ವೋಲ್ಕಾಟ್, ಗಾರ್ಡನ್ ಪಾರ್ಕ್ಸ್ ಮುಂತಾದವರನ್ನು ಅವನು ದೇಶದ ಮೂಲೆಮೂಲೆಗೆ ಕಳಿಸಿದ. ಕಾರ್ಲ್ ಮೈಡನ್ಸ್ ಎಂಬ ಯುವಕ ಹತ್ತಿ ಬೆಳೆಯ ಸೀಮೆಗೆ ಫೋಟೋ ತೆಗೆಯಲು ಹೊರಟು ನಿಂತಾಗ, ಹತ್ತಿಯ ಬಗ್ಗೆ ನಿನಗೇನು ಗೊತ್ತು ಎಂದು ಸ್ಟ್ರೈಕರ್ ಕೇಳಿದನಂತೆ. ಹೆಚ್ಚೇನೂ ಗೊತ್ತಿಲ್ಲ ಎಂದಾಗ ಪ್ರಯಾಣ ನಿಲ್ಲಿಸಿ ರಾತ್ರಿಯವರೆಗೂ ಹತ್ತಿಯ ಪಾಠ ಹೇಳಿದ. ಯಾರು ಬಿತ್ತುತ್ತಾರೆ, ಸಾಲ ಯಾರದು, ಬೆಲೆ ಯಾರು ಕಟ್ಟುತ್ತಾರೆ, ಹೊಲದವನಿಗೆ ಎಷ್ಟು ಉಳಿಯುತ್ತದೆ ಇಷ್ಟೂ ತಿಳಿದ ಮೇಲೆ ಕ್ಯಾಮೆರಾ. ಹತ್ತಿಯ ಗಿರಣಿಗಳಿಂದ ಬೆಳೆದ ದಾವಣಗೆರೆಯ ಪಕ್ಕದ ನಮಗೆ ಈ ಪ್ರಸಂಗ ಹೇಗೆ ನಾಟಬೇಕು ನೋಡಿ. ಆ ಗಿರಣಿಗಳು ಮುಚ್ಚಿದವು. ಪಾಳಿ ಮುಗಿಸಿ ಗೇಟಿನಿಂದ ಹೊರಬರುತ್ತಿದ್ದ ಕಾರ್ಮಿಕರ ಫೋಟೋ ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿದೆ?

ಸ್ಟ್ರೈಕರ್ ತನ್ನವರಿಗೆ ಪಟ್ಟಿ ಬರೆದು ಕಳಿಸುತ್ತಿದ್ದ. ಸಂಜೆ ಹೊತ್ತು ಮನೆಯಲ್ಲಿ ಜನ ಏನು ಮಾಡುತ್ತಾರೆ, ಗೋಡೆಯ ಮೇಲೆ ಏನು ತೂಗುಹಾಕಿದ್ದಾರೆ, ದುಡ್ಡಿಲ್ಲದವರು ಎಲ್ಲಿ ಸೇರುತ್ತಾರೆ ಎಂಬಂಥ ಸಣ್ಣ ಸಂಗತಿಗಳ ಪಟ್ಟಿ. ತೆಗೆದ ಚಿತ್ರಕ್ಕೆ ವಿವರ ಬರೆಯುವುದು ಕೆಲಸದ ಭಾಗ. ಅವನಲ್ಲಿ ಒಂದು ದೊಡ್ಡ ದೋಷವೂ ಇತ್ತು. ಬೇಡವೆನಿಸಿದ ನೆಗೆಟಿವ್‌ಗೆ ತೂತು ಹೊಡೆದು ಕೆಡಿಸಿಬಿಡುತ್ತಿದ್ದ, ಅದನ್ನು ನಾನು ಒಪ್ಪಲಾರೆ. ಆದರೂ ಕೊನೆಗೆ ಆ ಸಂಗ್ರಹ ಅಮೆರಿಕ ಸಂಸತ್ತಿನ ಗ್ರಂಥಾಲಯ ಸೇರಿತು. ಸುಮಾರು 1,75,000 ಕಪ್ಪು-ಬಿಳುಪು ನೆಗೆಟಿವ್‌ಗಳು. ಇಂದು ಚನ್ನಗಿರಿಯ ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಬಿಟ್ಟಿಯಾಗಿ ಅವನ್ನು ನೋಡಬಹುದು. ತೊಂಬತ್ತು ವರ್ಷದ ಹಿಂದಿನ ಅಮೆರಿಕದ ಅಡುಗೆಮನೆ ನಮ್ಮ ಹುಡುಗನಿಗೆ ಕಾಣುತ್ತದೆ, ತನ್ನ ಅಜ್ಜಿಯ ಅಡುಗೆಮನೆ ಕಾಣುವುದಿಲ್ಲ.

ಯಾಕೆ ಕಾಣುವುದಿಲ್ಲ? ನಮ್ಮಲ್ಲಿ ಫೋಟೋ ಕಡಿಮೆಯೆಂದಲ್ಲ. ನಾವು ಫೋಟೋ ತೆಗೆಸಿದ್ದು ಮದುವೆಗೆ, ಸನ್ಮಾನಕ್ಕೆ, ಸಾವಿಗೆ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಹೆದರುತ್ತಿದ್ದ ಹಿರಿಯರು ಎಷ್ಟೋ ಮಂದಿ. ಅವರು ಹೋದ ದಿನ ಮನೆಯವರು ಸ್ಟುಡಿಯೋಕ್ಕೆ ಆಳು ಕಳಿಸುತ್ತಿದ್ದರು. ದೇಹವನ್ನು ಕೂರಿಸಿ, ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳು ಸುತ್ತ ಕೂತು ತೆಗೆಸಿದ ಫೋಟೋ ಈ ಸೀಮೆಯಲ್ಲಿ ಮನೆಮನೆಗೂ ಇದೆ. ಮಾವ ಇಂಥ ಕರೆ ಬಂದರೆ ಊಟ ಬಿಟ್ಟು ಸೈಕಲ್ ಹತ್ತುತ್ತಿದ್ದರು. ತಡವಾದರೆ ಆ ಮುಖ ಇನ್ನಿಲ್ಲ. ಒಂದು ಜೀವಮಾನಕ್ಕೆ ಒಂದೇ ಫೋಟೋ, ಅದೂ ಕಣ್ಣು ಮುಚ್ಚಿದ ಮೇಲೆ. ಆಮೇಲೆ ಮತದಾರರ ಗುರುತಿನ ಚೀಟಿ ಬಂತು. ಎಷ್ಟೋ ಅಜ್ಜ-ಅಜ್ಜಿಯರಿಗೆ ಬದುಕಿದ್ದಾಗ ತೆಗೆದ ಮೊದಲ ಫೋಟೋ ಅದೇ. ಇಂದಿಗೂ ತಿಥಿಯ ದಿನ ಹಾರ ಹಾಕುವ ಪಟ ಆ ಚೀಟಿಯದನ್ನೇ ದೊಡ್ಡದು ಮಾಡಿಸಿದ್ದು. ಅವರು ಹೊಲದಲ್ಲಿ, ಕಣದಲ್ಲಿ, ಒಲೆಯ ಮುಂದೆ ಹೇಗಿದ್ದರು ಎಂಬುದಕ್ಕೆ ನಮ್ಮಲ್ಲಿ ಚಿತ್ರವಿಲ್ಲ.

ಸ್ಟ್ರೈಕರ್‌ನಂತೆ ನಮ್ಮ ನಾಲ್ಕು ತಾಲ್ಲೂಕುಗಳಿಗೆ ಒಂದು ಪಟ್ಟಿ ಬರೆಯಬೇಕೆಂದರೆ ನಾನು ಅಡಿಕೆ ಫಸಲನ್ನು ಗುತ್ತಿಗೆಗೆ ಹಿಡಿಯುವ ಚನ್ನಗಿರಿಯ ಖೇಣಿ ಮನೆಯಿಂದ ಶುರುಮಾಡುತ್ತೇನೆ. ಕೊನೆ ಕೊಯ್ಯುವವನು ಮರದಿಂದ ಮರಕ್ಕೆ ದಾಟುವ ಬಗೆ, ಕೆಳಗೆ ಕೊನೆ ಹಿಡಿಯುವವನ ಕಣ್ಣು. ಹಸಿ ಅಡಿಕೆ ಸುಲಿಯುವ ಕೈಗಳು. ಬೇಯಿಸುವ ಹಂಡೆ, ಅದರಲ್ಲಿ ಕುದಿಯುವ ಚೊಗರು, ಆ ಕೆಂಪು ಹತ್ತಿದ ಅಂಗೈ. ಒಣಗಲು ಹರವಿದ ಅಂಗಳದಲ್ಲಿ ಮಳೆ ಮೋಡ ಕಂಡೊಡನೆ ಟಾರ್ಪಾಲು ಎಳೆಯುವ ಧಾವಂತ. ಸುಲಿಯುವ ಯಂತ್ರ ಬಂದ ಮೇಲೆ ಸಾಲಾಗಿ ಕೂತು ಹಾಡು, ಜಗಳ, ನಗುವಿನೊಂದಿಗೆ ರಾತ್ರಿ ಕಳೆಯುತ್ತಿದ್ದ ಆ ಹೆಂಗಸರ ಸಾಲು ಕರಗುತ್ತಿದೆ. ಯಂತ್ರ ಬೇಡವೆಂದು ನಾನು ಹೇಳುವುದಿಲ್ಲ, ಬೆರಳು ಕುಯ್ದುಕೊಂಡವರ ನೋವು ಗೊತ್ತು. ಆದರೆ ಒಂದು ಸೀಮೆಯ ಸಂಪತ್ತನ್ನು ಯಾರ ಬೆರಳು ಸುಲಿದು ಕೊಟ್ಟಿತು ಎಂಬುದಕ್ಕೆ ಸಾಕ್ಷಿ ಬೇಡವೇ? ಭದ್ರಾ ನಾಲೆಯ ಕೆಳಗಿನ ಭತ್ತದ ಗದ್ದೆಗಳು ಒಂದೊಂದಾಗಿ ತೋಟವಾಗುತ್ತಿವೆ. ಈ ವರ್ಷ ಕೊನೆಯ ನಾಟಿ ಆಗುವ ಗದ್ದೆಯ ಫೋಟೋ ಈ ವರ್ಷವೇ ತೆಗೆಯಬೇಕು. ಸಂತೇಬೆನ್ನೂರಿನ ಪುಷ್ಕರಣಿಯನ್ನು ಬಂದವರೆಲ್ಲ ತೆಗೆಯುತ್ತಾರೆ, ಸೂಳೆಕೆರೆಯ ನೀರನ್ನೂ ತೆಗೆಯುತ್ತಾರೆ. ಆ ಕೆರೆಯ ತೂಬು ಎತ್ತುವ ನೀರುಗಂಟಿಯನ್ನು ತೆಗೆದವರು ಕಡಿಮೆ.

ಹೊನ್ನಾಳಿಗೆ ತುಂಗಭದ್ರೆ. ಹೊಳೆ ಬಂದಾಗ ಬಾಲರಾಜ ಘಾಟಿನ ಮನೆಗಳಿಗೆ ನೀರು ನುಗ್ಗುವುದು ಸುದ್ದಿಯಾಗುತ್ತದೆ, ನೀರು ಇಳಿದ ಮೇಲೆ ಗೋಡೆಯಲ್ಲಿ ಉಳಿಯುವ ಗೆರೆಯನ್ನು ಯಾರೂ ತೆಗೆಯುವುದಿಲ್ಲ. ದೀಪಾವಳಿಯ ನಂತರ ಹೋರಿ ಬೆದರಿಸುವ ಸ್ಪರ್ಧೆಗೆ ಊರೂರಿಗೆ ಫ್ಲೆಕ್ಸ್ ಏಳುತ್ತವೆ. ಹೋರಿಯ ಫೋಟೋ, ಅದರ ಹೆಸರು, ಊರು ಎಲ್ಲ ಅಚ್ಚುಕಟ್ಟಾಗಿ ಅಚ್ಚಾಗಿರುತ್ತದೆ. ಇದನ್ನು ನಾನು ಮೆಚ್ಚಿ ಹೇಳುತ್ತಿದ್ದೇನೆ. ಫೋಟೋ ಮತ್ತು ಹೆಸರು ಒಟ್ಟಿಗಿರಬೇಕು ಎಂಬ ಅರಿವು ನಮ್ಮ ಹುಡುಗರಿಗೆ ಇದೆ. ಅದೇ ಪ್ರೀತಿ ಮನೆಯ ಅಜ್ಜಿಗೂ ಸಿಗಲಿ.

ನ್ಯಾಮತಿಯವರಿಗೆ ಸೂರಗೊಂಡನಕೊಪ್ಪದ ವಿಷಯ ನಾನು ಹೇಳಬೇಕಾಗಿಲ್ಲ. ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ಫೆಬ್ರವರಿಯಲ್ಲಿ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದಲೂ ಬಂಜಾರ ಬಂಧುಗಳು ಬರುತ್ತಾರೆ. ಕ್ಯಾಮೆರಾಗಳು ಮುತ್ತಿಕೊಳ್ಳುವುದು ಕನ್ನಡಿ ಕೂರಿಸಿದ ಉಡುಪಿಗೆ. ಇಲ್ಲಿ ಸ್ಟ್ರೈಕರ್ ತಂಡದ ರಾತ್‌ಸ್ಟೈನ್‌ನ ಪ್ರಸಂಗವೊಂದು ನೆನಪಾಗುತ್ತದೆ. 1936ರಲ್ಲಿ ಬರದ ಚಿತ್ರ ತೆಗೆಯುವಾಗ ದನದ ಬುರುಡೆಯೊಂದನ್ನು ಹತ್ತು ಅಡಿಯಷ್ಟು ಸರಿಸಿ ಬಿರುಕು ಬಿಟ್ಟ ನೆಲದ ಮೇಲಿಟ್ಟು ತೆಗೆದ. ಅದು ಗೊತ್ತಾಗಿ ಇಡೀ ಯೋಜನೆಯೇ ಸುಳ್ಳೆಂದು ಸರ್ಕಾರದ ವಿರೋಧಿಗಳು ಗುಲ್ಲೆಬ್ಬಿಸಿದರು. ಬರ ನಿಜ, ಬುರುಡೆ ನಿಜ, ಸರಿಸಿದ ಹತ್ತು ಅಡಿ ನಂಬಿಕೆಯನ್ನು ತಿಂದಿತು. ಹಬ್ಬದ ದಿನ ಉಡುಪು ತೊಡಿಸಿ ಸಾಲಾಗಿ ನಿಲ್ಲಿಸಿದ ಹುಡುಗಿಯರ ಚಿತ್ರ ತೆಗೆಯಿರಿ, ಬೇಡವೆನ್ನುವುದಿಲ್ಲ. ಹಬ್ಬದ ದಿನದ್ದೆಂದು ಬರೆಯಿರಿ. ತಾಂಡಾದ ಅಜ್ಜಿ ಮಂಗಳವಾರ ಬೆಳಿಗ್ಗೆ ಅದೇ ಕನ್ನಡಿಯ ಕುಪ್ಪಸ ‘ಕಾಂಚಳಿ’ ತೊಟ್ಟು ಸೌದೆ ಹೊರುವ ಚಿತ್ರವನ್ನು ಆಕೆಯನ್ನು ಕೇಳಿ ತೆಗೆಯಿರಿ. ಆ ಉಡುಪನ್ನು ದಿನವೂ ತೊಡುವ ಕೊನೆಯ ತಲೆಮಾರು ಅವರದು.

ಜಗಳೂರು ಮಳೆಯನ್ನು ಎದುರು ನೋಡುವ ನಾಡು. ರಂಗಯ್ಯನದುರ್ಗದ ಕಾಡು 2011ರಲ್ಲಿ ಕೊಂಡುಕುರಿ ವನ್ಯಧಾಮವಾಯಿತು. ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿಯ ಫೋಟೋ ಈಗ ಸಿಗುತ್ತದೆ. ಕಾಡಂಚಿನಲ್ಲಿ ಕಂಬಳಿ ಹೊದ್ದು ಕುರಿ ಮೇಯಿಸುವವನೂ ದೇವರ ಎತ್ತುಗಳನ್ನು ಕಾಯುವ ಕಿಲಾರಿಯೂ ಅಷ್ಟೇ ಅಪರೂಪವಾಗುತ್ತಿದ್ದಾರೆ. ತುಂಗಭದ್ರೆಯ ನೀರಿನಿಂದ 57 ಕೆರೆ ತುಂಬಿಸುವ ಯೋಜನೆಯಿಂದ ಅಲ್ಲಿನ ಒಣಗಿದ ಕೆರೆಗಳಿಗೆ ನೀರು ಬಂದಿದೆ. ನೀರು ಬರುವ ಮೊದಲಿನ ಆ ಕೆರೆಯಂಗಳದ ಫೋಟೋ ಯಾರ ಹತ್ತಿರವಾದರೂ ಇದ್ದರೆ ಅದು ಚಿನ್ನ. ಅದನ್ನು ತೆಗೆದ ಜಾಗದಲ್ಲೇ ನಿಂತು ಇನ್ನೊಂದು ತೆಗೆಯಿರಿ.

ಹಂಪಿಯಲ್ಲಿ ಹೀಗೇ ಆಯಿತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯನ್ನು ತೆಗೆದಿದ್ದ. ಅವು ಬೆಳಕಿಗೆ ಬಂದದ್ದು 1980ರಲ್ಲಿ, ಇಂಗ್ಲೆಂಡಿನಲ್ಲಿ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೊಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಮತ್ತೆ ಫೋಟೋ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಗೋಪುರ ಉಳಿಯಿತು, ಯಾವ ಕಂಬ ಬಿತ್ತು ಎಂಬುದು ಕಣ್ಣಿಗೆ ಹೊಡೆಯುತ್ತದೆ.

ನಮ್ಮವರೇ ಆದ ಫೋಟೋಗ್ರಾಫರ್ ಟಿ. ಎಸ್. ಸತ್ಯನ್ ಅವರ ಹೆಸರು ಹೇಳದೆ ಈ ವಿಷಯ ಮುಗಿಸಲಾರೆ. ಮೈಸೂರಿನವರು, 1923ರಲ್ಲಿ ಹುಟ್ಟಿದವರು. ದೊರೆಗಳನ್ನೂ ಮಂತ್ರಿಗಳನ್ನೂ ತೆಗೆದರು, ಆದರೆ ಅವರ ಪ್ರೀತಿ ಇದ್ದದ್ದು ಬೀದಿಯ ಜನರ ಮೇಲೆ, ಮಕ್ಕಳ ಮೇಲೆ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ನಡೆಯಿತು. ಅಮೆರಿಕದವರು ನಮ್ಮ ಮಕ್ಕಳ ಮುಖವನ್ನು ಕನ್ನಡಿಗರೊಬ್ಬರ ಕಣ್ಣಿನಿಂದ ನೋಡಿದರು. ಕನ್ನಡದಲ್ಲಿ ಅವರ ನೆನಪುಗಳ ಪುಸ್ತಕ ‘ಕಾಲಕ್ಕೆ ಕನ್ನಡಿ’ ಇದೆ. ಫೋಟೋ ತೆಗೆಯುವ ಹುಡುಗರು ಅದನ್ನು ಓದಬೇಕು.

ಈಗ ನಮ್ಮ ಮನೆಗಳಿಗೆ ಅಮೆರಿಕದಿಂದಲೇ ಫೋಟೋ ಬರುತ್ತವೆ. ಹಿಮದಲ್ಲಿ ನಿಂತ ಮಗ, ಗ್ಯಾರೇಜಿನ ಮುಂದೆ ಸೊಸೆ, ಕುಂಬಳಕಾಯಿಗೆ ಕಣ್ಣು ಬಾಯಿ ಕೊರೆದು ಹಿಡಿದ ಮೊಮ್ಮಗಳು. ನಮ್ಮ ಅಜ್ಜಿಯರು ಅಮೆರಿಕವನ್ನು ಓದಿಕೊಂಡಿರುವುದು ಇವುಗಳಿಂದ. ಇತ್ತ ಕಡೆಯಿಂದ ನಾವು ಕಳಿಸುವುದು ಗೃಹಪ್ರವೇಶದ್ದು, ರಥೋತ್ಸವದ್ದು. ಆ ಮೊಮ್ಮಗಳು ಮುಂದೊಂದು ದಿನ, ನಮ್ಮ ಮನೆ ಯಾವ ದುಡಿಮೆಯಿಂದ ಎದ್ದಿತು ಎಂದು ಕೇಳಿದರೆ ತೋರಿಸಲು ಏನಿದೆ?

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಮನೆಯ ಹಳೆಯ ಫೋಟೋಗಳನ್ನು ಹೊರತೆಗೆದು ಮನೆಯ ಹಿರಿಯರ ಪಕ್ಕ ಒಂದು ಸಂಜೆ ಕೂಡಿ. ಎಡದಿಂದ ಬಲಕ್ಕೆ ಹೆಸರು ಕೇಳಿ. ಊರು, ಸುಮಾರು ಇಸವಿ, ಏನು ಕೆಲಸ ನಡೆಯುತ್ತಿತ್ತು ಇಷ್ಟನ್ನು ಫೋಟೋದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್‌ನಿಂದ, ಒತ್ತದೆ ಬರೆಯಿರಿ. ಬಾಲ್‌ಪೆನ್ ಬೇಡ, ಅದು ಮುಂಬದಿಗೆ ಮೂಡುತ್ತದೆ. ಬಣ್ಣದ ಫೋಟೋದ ನುಣುಪಾದ ಬೆನ್ನಿಗೆ ಪೆನ್ಸಿಲ್ ಹತ್ತದಿದ್ದರೆ ಚೀಟಿಯಲ್ಲಿ ಬರೆದು ಜೊತೆಗಿಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಮತ್ತೆ ಬಿಡಿಸಲು ಬರುವುದಿಲ್ಲ. ಮೊಬೈಲಿನಲ್ಲಿ ತೆಗೆದವರು ವರ್ಷಕ್ಕೆ ಹತ್ತಾದರೂ ಪ್ರಿಂಟ್ ಹಾಕಿಸಿ. ಸ್ಟುಡಿಯೋ ಮುಚ್ಚುವವರಿದ್ದರೆ ನೆಗೆಟಿವ್‌ಗಳನ್ನು ತಕ್ಕಡಿಗೆ ಹಾಕುವ ಮೊದಲು ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೆ ಒಂದು ಮಾತು ಹೇಳಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು, ನ್ಯಾಮತಿ ತಾಲ್ಲೂಕಾದದ್ದೇ 2018ರಲ್ಲಿ. ಕಾಗದಪತ್ರಗಳು ಒಂದೊಂದು ಕಡೆ ಹಂಚಿಹೋಗಿವೆ. ಮನೆಗಳಲ್ಲಿರುವ ಈ ಫೋಟೋಗಳೇ ನಾಲ್ಕನ್ನೂ ಒಟ್ಟಿಗೆ ತೋರಿಸಬಲ್ಲವು.

ನಾನು ಹೇಳಿದ ಆ ಹನ್ನೆರಡನೇ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ತಂದಿದ್ದೇನೆ. ಬಾಗಿಲ ಹತ್ತಿರದ ಮೇಜಿನ ಮೇಲಿದೆ, ಪಕ್ಕದಲ್ಲಿ ಪೆನ್ಸಿಲ್ ಇಟ್ಟಿದ್ದೇನೆ. ಚನ್ನಗಿರಿ ಕಡೆಯ ಹಿರಿಯರು, ಅದರಲ್ಲೂ ಅಡಿಕೆ ಸುಲಿದು ಗೊತ್ತಿರುವ ತಾಯಂದಿರು, ಮನೆಗೆ ಹೊರಡುವ ಮುನ್ನ ದಯವಿಟ್ಟು ಒಮ್ಮೆ ನೋಡಿ. ಬೆರಳಿಗೆ ಬಟ್ಟೆ ಸುತ್ತಿಕೊಂಡು ನಗುತ್ತಿರುವವಳು ಎಡದಿಂದ ನಾಲ್ಕನೆಯವಳು. ಅವಳ ಹೆಸರು ಗೊತ್ತಿದ್ದರೆ ಹಿಂಬದಿಯಲ್ಲಿ ಬರೆದು ಹೋಗಿ.